ಮಿಸಿಸಿಪ್ಪಿ ಹೊಳೆ ಹಿಡಿದು ಊರೂರು ನೋಡೋದು ಹೇಗೆ: ಶಿರಸಿ, ಕುಮಟಾ, ಕಾರವಾರ ಕಡೆಯವರಿಗೆ

ಮಕ್ಕಳು ಅಮೆರಿಕದಲ್ಲಿದ್ದಾರೆ ಅಂತ ನಮ್ಮ ಕಡೆಯಿಂದ ವರ್ಷಾ ವರ್ಷಾ ಎಷ್ಟು ಜನ ಅಪ್ಪ ಅಮ್ಮ ಹೋಗಿ ಬರ್ತಾರೆ, ಬಂದ ಮೇಲೆ ಎಂತ ನೋಡಿದ್ರಿ ಅಂತ ಕೇಳಿದ್ರೆ ನಯಾಗರಾ, ನ್ಯೂಯಾರ್ಕು, ಲಾಸ್ ವೇಗಸ್ಸು, ಉಳಿದ ಐದು ತಿಂಗಳು ಮನೆ ಒಳಗೆ ಕೂತು ಕಿಟಕಿಯಿಂದ ಪಕ್ಕದ ಮನೆ ಹುಲ್ಲು ನೋಡಿದ್ದು. ನಂಗೆ ಇದು ಬಹಳ ಬೇಜಾರಿನ ವಿಷಯ. ನಮ್ಮ ಅಪ್ಪಯ್ಯ, ಆಯಿ ತಂಗಿ ಮನೆಗೆ ಮಿನಿಯಾಪೊಲಿಸ್‌ಗೆ ಹೋದಾಗ ನಾನೂ ಹೋಗಿದ್ದೆ, ಆಗ ಎಲ್ಲರೂ ಸೇರಿ ಕಾರಲ್ಲಿ ಮಿಸಿಸಿಪ್ಪಿ ಹುಟ್ಟೋ ಜಾಗದಿಂದ ನ್ಯೂ ಆರ್ಲಿಯನ್ಸ್‌ವರೆಗೆ ಹದಿನಾಲ್ಕು ದಿನದಲ್ಲಿ ಇಳಿದ್ವಿ. ಅಮೆರಿಕ ಅಂದ್ರೆ ಎಂತದು ಅಂತ ನಂಗೆ ಅರ್ಥ ಆಗಿದ್ದು ಆ ಹದಿನಾಲ್ಕು ದಿನದಲ್ಲಿ, ಅದಕ್ಕೇ ಈಗ ಹೋಗೋರಿಗೆ ಉಪಯೋಗ ಆಗ್ಲಿ ಅಂತ ಇಷ್ಟು ಉದ್ದ ಬರೀತಾ ಇದ್ದೇನೆ.

ಮೊದಲನೇ ಮಾತು, ನೀರು ಹೋಗೋ ದಿಕ್ಕಲ್ಲೇ ಹೋಗಿ. ವಿಮಾನ ಎಲ್ಲಿ ಚೀಪು ಅಂತ ನೋಡಿ ಮಧ್ಯದಲ್ಲಿ ಇಳಿದು ಮೇಲೊಂದು ಊರು ಕೆಳಗೊಂದು ಊರು ನೋಡಿದ್ರೆ ಎಲ್ಲಾ ಒಂದೇ ತರ ಕಾಣತ್ತೆ, ಅದೇ ಹೋಟೆಲು, ಅದೇ ಬರ್ಗರಿನ ಅಂಗಡಿ. ಹೊಳೆ ಜೊತೆಗೇ ಇಳಿದ್ರೆ ಹಾಗಲ್ಲ, ಪ್ರತಿ ಊರಲ್ಲೂ ಒಂದೇ ಪ್ರಶ್ನೆ ಕೇಳ್ತಾ ಹೋಗಬಹುದು: ಈ ಊರು ಇಲ್ಲೇ ಎಂತಕ್ಕೆ ಹುಟ್ತು? ಇದು ನಮಗೆ ಹೊಸಾ ಪ್ರಶ್ನೆ ಅಲ್ಲ. ಗೇರುಸೊಪ್ಪೆ ಶರಾವತಿ ದಡದಲ್ಲಿ ಅಲ್ಲೇ ಎಂತಕ್ಕೆ ಬೆಳೀತು ಅಂದ್ರೆ, ಹೊನ್ನಾವರದಿಂದ ದೋಣಿ ಅಲ್ಲಿವರೆಗೆ ಹೋಗ್ತಿತ್ತು, ಮುಂದೆ ಘಟ್ಟ, ಮೇಲಿಂದ ಕಾಳುಮೆಣಸು ಇಳಿದು ಅಲ್ಲೇ ದೋಣಿಗೆ ಏರ್ತಿತ್ತು, ಅದಕ್ಕೇ ಚೆನ್ನಭೈರಾದೇವಿಗೆ ಮೆಣಸಿನ ರಾಣಿ ಅಂತ ಹೆಸರು ಬಂದದ್ದು. ಸದಾಶಿವಗಡದ ಕೋಟೆ ಕಾಳಿ ಹೊಳೆಯ ಬಾಯಲ್ಲಿ ಗುಡ್ಡದ ಮೇಲೆ ಕೂತದ್ದಕ್ಕೂ ಕಾರಣ ಇದೆ. ಇದೇ ಲೆಕ್ಕ ಮಿಸಿಸಿಪ್ಪಿಗೂ ನಡೀತದೆ, ಆದ್ರೆ ಅಳತೆ ಮಾತ್ರ ಬೇರೆ. ನಮ್ಮ ಅಘನಾಶಿನಿ ಸುಮಾರು 120 ಕಿಲೋಮೀಟರ್, ಅದು ಸುಮಾರು 3770, ಅಂದ್ರೆ ಮೂವತ್ತು ಅಘನಾಶಿನಿ ಉದ್ದಕ್ಕೆ ಜೋಡಿಸಿದ ಹಾಗೆ, ಹತ್ತು ರಾಜ್ಯ ಮುಟ್ಕೊಂಡು ಹೋಗತ್ತೆ.

ಯಾವಾಗ ಹೋಗೋದು ಅಂದ್ರೆ ಸೆಪ್ಟೆಂಬರ್ ಕೊನೇ ವಾರ ಮೇಲಿಂದ ಹೊರಡಿ. ಮೇಲೆ ಆಗ ಮೇಪಲ್ ಎಲೆ ಕೆಂಪಾಗಿರತ್ತೆ, ಕೆಳಗೆ ಮುಟ್ಟೋ ಹೊತ್ತಿಗೆ ದಕ್ಷಿಣದ ಸೆಕೆ ಇಳಿದಿರತ್ತೆ. ಏಪ್ರಿಲ್ ಮೇ ತಿಂಗಳಲ್ಲಿ ಹಿಮ ಕರಗಿ ನೆರೆ ಬರೋ ಕಾಲ, ದಡದ ರಸ್ತೆ ಬಂದ್ ಆಗ್ಬಹುದು. ಜುಲೈ ಆಗಸ್ಟಲ್ಲಿ ನ್ಯೂ ಆರ್ಲಿಯನ್ಸ್ ನಮ್ಮ ಕಾರವಾರದ ಮೇ ತಿಂಗಳಿಗಿಂತ ಹೆಚ್ಚು ಬೆವರಿಳಿಸತ್ತೆ. ಅಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ, ಹಾಗಾಗಿ ಅಕ್ಟೋಬರಲ್ಲೂ ಹವಾಮಾನ ನೋಡ್ಕೊಂಡೇ ಹೊರಡಿ.

ಹೆದ್ದಾರಿ ಹಿಡಿದು ನೆಟ್ಟಗೆ ಹೋದ್ರೆ ಮಿನಿಯಾಪೊಲಿಸ್‌ನಿಂದ ನ್ಯೂ ಆರ್ಲಿಯನ್ಸ್ ಸುಮಾರು 2000 ಕಿಲೋಮೀಟರ್, ಎರಡು ದಿನದಲ್ಲಿ ಓಡಿಸೋರು ಇದ್ದಾರೆ, ಹಾಗೆ ಮಾಡ್ಬೇಡಿ. ಗ್ರೇಟ್ ರಿವರ್ ರೋಡ್ ಅಂತ ಹೊಳೆ ಪಕ್ಕದಲ್ಲೇ ಹೋಗೋ ದಾರಿ ಇದೆ, ಅದು ಒಂದೇ ರಸ್ತೆ ಅಲ್ಲ, ಬೇರೆ ಬೇರೆ ರಸ್ತೆಗಳನ್ನ 1938ರಿಂದ ಜೋಡಿಸ್ತಾ ಬಂದದ್ದು, ದಾರಿಯುದ್ದಕ್ಕೂ ಹಡಗಿನ ಚುಕ್ಕಾಣಿ ಚಕ್ರದ ಚಿತ್ರ ಇರೋ ಹಸಿರು ಬೋರ್ಡ್ ಕಾಣ್ತಾ ಇರತ್ತೆ. ಜಿಪಿಎಸ್ ಮಾತ್ರ ಪ್ರತಿ ಸಲ ನಿಮ್ಮನ್ನ ಹೆದ್ದಾರಿಗೆ ಎಳೆಯತ್ತೆ, ಅದಕ್ಕೆ ಮುಂದಿನ ಸಣ್ಣ ಊರಿನ ಹೆಸರು ಒಂದೊಂದಾಗಿ ಹಾಕ್ತಾ ಹೋಗಿ. ವಯಸ್ಸಾದವರು ಜೊತೆಗಿದ್ರೆ ದಿನಕ್ಕೆ ನಾಲ್ಕು ತಾಸಿಗಿಂತ ಹೆಚ್ಚು ಕಾರಲ್ಲಿ ಕೂರಿಸ್ಬೇಡಿ. ನೀವೇ ಓಡಿಸೋದಾದ್ರೆ ಹೊರಡೋ ಮೊದಲು ಇಲ್ಲಿ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಳ್ಳಿ, ಊರಿನ ಲೈಸೆನ್ಸೂ ಜೊತೆಗಿರಲಿ. ಬಾಡಿಗೆ ಕಾರು ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಟ್ರೆ ಪ್ರತ್ಯೇಕ ಚಾರ್ಜ್ ಹಾಕ್ತಾರೆ, ಬುಕ್ ಮಾಡೋವಾಗ ತೋರಿಸೋ ದಿನದ ರೇಟು ನೋಡಿ ಖುಷಿ ಪಡಬೇಡಿ, ಕೊನೇ ಒಟ್ಟು ನೋಡಿ. ಅಪ್ಪ ಅಮ್ಮನಿಗೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸದೇ ಹೊರಡಲೇಬೇಡಿ. ಅಲ್ಲಿ ಒಂದು ಸಲ ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಇಲ್ಲಿ ಒಂದು ವರ್ಷದ ಅಡಿಕೆ ದುಡ್ಡು ಹೋಗತ್ತೆ.

ಊಟದ ವಿಷಯ. ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ತೊಡದೇವು ಎಲ್ಲಾ ತಗೊಂಡು ಹೋಗಿ, ಏರ್‌ಪೋರ್ಟ್ ಕಸ್ಟಮ್ಸಿನವರಿಗೆ ತಿಂಡಿ ಇದೆ ಅಂತ ಹೇಳಿ, ಮುಚ್ಚಿಡಬೇಡಿ. ಹಸಿ ಕರಿಬೇವು, ಹಣ್ಣು, ಬೀಜ ಮಾತ್ರ ಬೇಡ, ಅದನ್ನ ಬಿಡೋದಿಲ್ಲ. ಒಂದು ಸಣ್ಣ ಕರೆಂಟ್ ಕುಕ್ಕರ್ ಕಾರಲ್ಲಿ ಇಟ್ಕೊಂಡ್ರೆ ರಾತ್ರಿ ಅನ್ನ, ಮೊಸರು, ಉಪ್ಪಿನಕಾಯಿ ಆಗಿಹೋಗತ್ತೆ, ಆಯಿ ಹದಿನಾಲ್ಕು ದಿನವೂ ಸಮಾಧಾನದಲ್ಲಿ ಇದ್ದದ್ದು ಆ ಕುಕ್ಕರಿಂದ. ಸಸ್ಯಾಹಾರಿಗಳು ದಕ್ಷಿಣಕ್ಕೆ ಹೋದ ಮೇಲೆ ಹುಷಾರು, ಸೊಪ್ಪಿನ ಪಲ್ಯ ಅಂತ ತಟ್ಟೆಗೆ ಹಾಕಿದ್ರಲ್ಲೂ ಹಂದಿ ಮಾಂಸದ ತುಂಡು ಹಾಕಿ ಬೇಯಿಸಿರ್ತಾರೆ, ಕೆಂಪು ಅಲಸಂದೆಯಂಥ ಕಾಳಿನ ಸಾರಿಗೂ ಹಾಗೇ. ಮಾಂಸ ಇಲ್ಲವಾ ಅಂತ ಕೇಳಿದ್ರೆ ಸಾಲದು, ಬೇಯಿಸೋವಾಗ ಹಾಕಿದ್ದೀರಾ ಅಂತ ಕೇಳಿ. ಯಾವ ಸಣ್ಣ ಊರಲ್ಲೂ ಮೆಕ್ಸಿಕನ್ ಹೋಟೆಲ್ ಒಂದು ಸಿಗತ್ತೆ, ಅಲ್ಲಿ ಅನ್ನ, ಕಾಳು, ರೊಟ್ಟಿ ಇರತ್ತೆ, ನಮಗೆ ಅದೇ ಗತಿ, ಚೆನ್ನಾಗೂ ಇತ್ತು.

ಈಗ ಹೊಳೆಗೆ ಬರೋಣ. ಮಿನಿಯಾಪೊಲಿಸ್‌ಗೆ ಬಂದವರು ಹೆಚ್ಚಿನವರು ಅಲ್ಲಿಂದಲೇ ಕೆಳಗೆ ಹೊರಡ್ತಾರೆ, ನೀವು ಮೊದಲು ನಾಲ್ಕು ತಾಸು ವಾಯವ್ಯಕ್ಕೆ ಓಡಿಸಿ ಇಟಾಸ್ಕಾ ಕೆರೆಗೆ ಹೋಗಿ. ಅಲ್ಲಿ ಕೆರೆ ಕೋಡಿ ಬಿದ್ದು ಕಲ್ಲಿನ ಸಾಲಿನ ಮೇಲಿಂದ ಇಳಿಯೋ ನೀರೇ ಮಿಸಿಸಿಪ್ಪಿ. ಅಗಲ ಹದಿನೆಂಟು ಅಡಿ ಇರಬಹುದು, ಆಳ ಮೊಣಕಾಲು. ಅಪ್ಪಯ್ಯ ಪಂಚೆ ಮೇಲೆ ಕಟ್ಟಿ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೇ ಬಿಟ್ರು, ಕಲ್ಲು ಪಾಚಿಗಟ್ಟಿ ಜಾರ್ತಿತ್ತು, ನಾನು ಒಂದು ಕೈ ಹಿಡಿದಿದ್ದೆ, ನಡುವೆ ನಿಂತು ಬಗ್ಗಿ ಬೊಗಸೆ ನೀರು ತಗೊಂಡು "ತಮಾ, ಇದು ನಮ್ಮನೆ ತೋಟದ ಹಳ್ಳದಷ್ಟೂ ಇಲ್ಯಲೋ" ಅಂದ್ರು. ಶಿರಸಿಯ ಶಂಕರಹೊಂಡದ ಹತ್ರ ನಿಂತು ಇದೇ ಮುಂದೆ ಅಘನಾಶಿನಿ ಆಗತ್ತೆ ಅಂದಾಗ ಆಗೋ ಅದೇ ಆಶ್ಚರ್ಯ. ಇಲ್ಲಿಂದ ಹೊರಟ ನೀರು ಸಮುದ್ರ ಸೇರೋದಕ್ಕೆ ಸುಮಾರು 90 ದಿನ ಬೇಕು ಅಂತಾರೆ. ಸ್ಕೂಲ್‌ಕ್ರಾಫ್ಟ್ ಅನ್ನೋ ಬಿಳಿಯ 1832ರಲ್ಲಿ ಇದೇ ಮೂಲ ಅಂತ ಜಗತ್ತಿಗೆ ಹೇಳಿದ, ದಾರಿ ತೋರಿಸಿದ್ದು ಮಾತ್ರ ಒಜಿಬ್ವೆ ಜನಾಂಗದ ಮುಖಂಡ ಒಜಾವಿಂಡಿಬ್. ಕೆರೆಗೆ ಹೆಸರಿಟ್ಟದ್ದು ಸ್ಕೂಲ್‌ಕ್ರಾಫ್ಟ್, ದಾರಿ ಗೊತ್ತಿದ್ದದ್ದು ಅವರಿಗೆ, ಇದನ್ನ ಅಲ್ಲಿ ನಿಂತಾಗ ನೆನಪು ಮಾಡ್ಕೊಳ್ಳಿ. ಇಲ್ಲಿ ಕಾಲು ಒದ್ದೆ ಮಾಡ್ಕೊಂಡವರಿಗೆ ಕೆಳಗಿನ ಊರು ಪ್ರತಿಯೊಂದೂ ಬೇರೆ ತರ ಕಾಣತ್ತೆ.

ಮಿನಿಯಾಪೊಲಿಸ್ ಅಲ್ಲೇ ಎಂತಕ್ಕೆ? ಜಲಪಾತ. ಇಡೀ ಮಿಸಿಸಿಪ್ಪಿಯಲ್ಲಿ ದೊಡ್ಡ ಜಲಪಾತ ಅಂತ ಇರೋದು ಅದೊಂದೇ, ಸೇಂಟ್ ಆಂಥನಿ. ಉಂಚಳ್ಳಿ, ಜೋಗ ನೋಡಿದವರಿಗೆ ಅದು ಜಲಪಾತ ಅಂತ ಅನ್ನಿಸೋದೇ ಇಲ್ಲ, ಈಗ ಕಾಂಕ್ರೀಟ್ ಇಳಿಜಾರು, ಆದ್ರೆ ಆ ನೀರಿನ ಬಲದಲ್ಲಿ ಹಿಟ್ಟಿನ ಗಿರಣಿ ತಿರುಗಿಸಿ 1880ರಿಂದ 1930ರವರೆಗೆ ಆ ಊರು ದೇಶಕ್ಕೇ ಗೋಧಿ ಹಿಟ್ಟು ಕೊಡ್ತು. ಮಿಲ್ ಸಿಟಿ ಮ್ಯೂಸಿಯಂ ಬಿಡಬೇಡಿ, ಸುಟ್ಟುಹೋದ ಗಿರಣಿಯ ಗೋಡೆಗಳ ಒಳಗೇ ಕಟ್ಟಿದ್ದಾರೆ. ಅದೇ ಜಾಗದಲ್ಲಿದ್ದ ಹಳೇ ಗಿರಣಿ 1878ರಲ್ಲಿ ಸ್ಫೋಟ ಆಗಿ 18 ಜನ ಸತ್ರು, ಕಾರಣ ಮದ್ದಲ್ಲ, ಗಾಳೀಲಿ ತೇಲೋ ಹಿಟ್ಟಿನ ಧೂಳು. ಮುಂದೆ ಇರೋದು 1883ರ ಕಲ್ಲು ಕಮಾನಿನ ರೈಲು ಸೇತುವೆ, ಈಗ ನಡೆಯೋರಿಗೆ ಬಿಟ್ಟಿದ್ದಾರೆ, ಸಂಜೆ ಅಲ್ಲಿ ನಡೀರಿ. ಅಲ್ಲಿಂದ ಕೆಳಗೆ ಕಾಣೋ ಹೊಸ ಹೆದ್ದಾರಿ ಸೇತುವೆ ಇದೆಯಲ್ಲ, ಅಲ್ಲಿದ್ದ ಹಳೇದು 2007ರ ಆಗಸ್ಟ್ 1ರ ಸಂಜೆ ವಾಹನಗಳ ಸಮೇತ ಹೊಳೆಗೆ ಬಿದ್ದು 13 ಜನ ಹೋದ್ರು. 2024ರ ಆಗಸ್ಟಲ್ಲಿ ನಮ್ಮ ಕಾಳಿ ಹಳೇ ಸೇತುವೆ ರಾತ್ರಿ ಬಿದ್ದದ್ದು ನೆನಪಿರೋರಿಗೆ ಅಲ್ಲಿ ನಿಂತಾಗ ಮೈ ಜುಂ ಅನ್ನತ್ತೆ. ಪಕ್ಕದ ಸೇಂಟ್ ಪಾಲ್ ಮಿನೆಸೋಟ ರಾಜ್ಯದ ರಾಜಧಾನಿ. ಅದು ಅಲ್ಲಿರೋದು ಎಂತಕ್ಕೆ ಅಂದ್ರೆ ಸ್ಟೀಮರ್‌ಗಳು ಕೆಳಗಿಂದ ಅಲ್ಲಿವರೆಗೆ ಬರ್ತಿದ್ವು, ಮೇಲೆ ಬಂಡೆ, ಜಲಪಾತ. ಥೇಟ್ ಗೇರುಸೊಪ್ಪೆ.

ಅಲ್ಲಿಂದ ಇಲಿನಾಯ್‌ವರೆಗೆ ಮೂರು ದಿನ ಇಡಿ. ವಬಾಶಾದಲ್ಲಿ ಹದ್ದುಗಳ ಕೇಂದ್ರ ಇದೆ, ಹೊಳೆ ದಂಡೆ ಮರದಲ್ಲಿ ಬಿಳಿ ತಲೆ ಹದ್ದು ಕೂತಿರತ್ತೆ. ಡುಬ್ಯೂಕ್‌ನಲ್ಲಿ ಹೊಳೆಯದ್ದೇ ಒಂದು ದೊಡ್ಡ ಮ್ಯೂಸಿಯಂ, ಮಕ್ಕಳಿದ್ರೆ ಅರ್ಧ ದಿನ ಬೇಕು. ಇವೆಲ್ಲಕ್ಕಿಂತ ನಾನು ಹೇಳೋದು, ಯಾವುದಾದ್ರೂ ಒಂದು ಲಾಕ್, ಅಂದ್ರೆ ಅಣೆಕಟ್ಟಿನ ಪಕ್ಕ ದೋಣಿ ಏರಿಸಿ ಇಳಿಸೋ ಬಾಗಿಲಿನ ತೊಟ್ಟಿ, ಅದರ ಹತ್ರ ಎರಡು ತಾಸು ಸುಮ್ನೆ ಕೂರಿ. ಮಿನಿಯಾಪೊಲಿಸ್‌ನಿಂದ ಸೇಂಟ್ ಲೂಯಿಸ್‌ವರೆಗೆ ಹೊಳೆಗೆ ಅಡ್ಡ ಅಣೆಕಟ್ಟು ಕಟ್ಟಿ ಮೆಟ್ಟಿಲು ಮೆಟ್ಟಿಲು ಮಾಡಿದ್ದಾರೆ, ಹೆಚ್ಚಿನವು 1930ರ ದಶಕದ್ದು, ದೋಣಿ ಹೋಗೋ ದಾರೀಲಿ ಕನಿಷ್ಠ ಒಂಬತ್ತು ಅಡಿ ನೀರು ಇರ್ಬೇಕು ಅಂತ. ನಾವು ಕೂತಲ್ಲಿ ಹದಿನೈದು ಸರಕಿನ ಬಾರ್ಜು ಕಟ್ಟಿದ ತೆಪ್ಪ ಬಂತು, ಮೂರು ಅಗಲ, ಐದು ಉದ್ದ, ಹಿಂದಿಂದ ಒಂದೇ ಟಗ್ ಬೋಟು ನೂಕ್ತಾ ಇದೆ. ಒಂದೊಂದು ಬಾರ್ಜಲ್ಲಿ ಸುಮಾರು 1500 ಟನ್, ನಮ್ಮ ಅರಬೈಲ್ ಘಟ್ಟ ಹತ್ತೋ 25 ಟನ್ ಲಾರಿ ಅರವತ್ತು ಒಂದೇ ಡಬ್ಬೀಲಿ. ಲಾಕ್ ಉದ್ದ 600 ಅಡಿ, ತೆಪ್ಪ ಅದಕ್ಕಿಂತ ಉದ್ದ, ಅದಕ್ಕೆ ಮಧ್ಯಕ್ಕೆ ಬಿಚ್ಚಿ ಮೊದಲು ಒಂಬತ್ತು, ಆಮೇಲೆ ಆರು ದಾಟಿಸ್ತಾರೆ. ಬಾಗಿಲು ಮುಚ್ಚಿದ ಮೇಲೆ ಸದ್ದಿಲ್ಲ, ಗೋಡೆ ಮೇಲಿನ ಒದ್ದೆ ಗೆರೆ ಮಾತ್ರ ನಿಧಾನಕ್ಕೆ ಉದ್ದ ಆಗ್ತಾ ಹೋಗತ್ತೆ, ಬಾರ್ಜು ಕೆಳಗಿಳೀತಾ ಹೋಗತ್ತೆ, ಅಷ್ಟೂ ಭಾರವನ್ನ ಪಂಪಿಲ್ಲದೇ ನೀರೇ ಇಳಿಸತ್ತೆ. ಒಬ್ಬ ಕೆಲಸದವ ದಪ್ಪ ಹಗ್ಗ ಗೂಟಕ್ಕೆ ಸುತ್ತಿ ಸ್ವಲ್ಪ ಸ್ವಲ್ಪವೇ ಬಿಡ್ತಾ ಇದ್ದ, ಹಗ್ಗ ಕಿರ್ ಅಂತಿತ್ತು. ಅಪ್ಪಯ್ಯ ಎರಡು ತಾಸು ಎದ್ದೇ ಬರ್ಲಿಲ್ಲ. ಟಿಕೆಟ್ಟೂ ಇಲ್ಲ.

ಕ್ವಾಡ್ ಸಿಟೀಸ್ ಅಂದ್ರೆ ಡೇವನ್‌ಪೋರ್ಟ್, ರಾಕ್ ಐಲ್ಯಾಂಡ್, ಮೊಲೀನ್ ಎಲ್ಲಾ ಸೇರಿ. ಅಲ್ಲಿ ಹೊಳೆ ಉತ್ತರದಿಂದ ದಕ್ಷಿಣಕ್ಕಲ್ಲ, ಪೂರ್ವದಿಂದ ಪಶ್ಚಿಮಕ್ಕೆ ಹರಿಯತ್ತೆ, ನಮ್ಮ ಹೊಳೆಗಳ ಹಾಗೆ. ಬಂಡೆ ಸಾಲು ಇತ್ತು ಅಂತ ಊರು ಹುಟ್ಟಿದ್ದು, ಮಿಸಿಸಿಪ್ಪಿಗೆ ಮೊದಲ ರೈಲು ಸೇತುವೆ ಕಟ್ಟಿದ್ದೂ ಇಲ್ಲೇ, 1856ರಲ್ಲಿ. ಎರಡೇ ವಾರಕ್ಕೆ ಒಂದು ಸ್ಟೀಮರ್ ಬಡಿದು ಕೇಸ್ ಆಯ್ತು, ರೈಲ್ವೆ ಪರವಾಗಿ ವಾದ ಮಾಡಿದ ವಕೀಲರಲ್ಲಿ ಒಬ್ಬ ಅಬ್ರಹಾಂ ಲಿಂಕನ್. ಹೊಳೆಯಾ ರೈಲಾ ಅನ್ನೋ ಜಗಳದಲ್ಲಿ ರೈಲು ಗೆದ್ದದ್ದು ಅಲ್ಲಿಂದ ಶುರು. ಮುಂದೆ ಹ್ಯಾನಿಬಲ್, ಮಾರ್ಕ್ ಟ್ವೇನ್ ಬೆಳೆದ ಊರು, ಆ ಹೆಸರೇ ಹೊಳೆಯದ್ದು, ನೀರಿನ ಆಳ ಅಳೆಯೋನು ಎರಡು ಮಾರು, ಅಂದ್ರೆ ಹನ್ನೆರಡು ಅಡಿ ಇದೆ, ಹೋಗಬಹುದು ಅಂತ ಕೂಗೋ ಮಾತು. ಅವನು ಬರಹಗಾರ ಆಗೋ ಮೊದಲು ಇದೇ ಹೊಳೇಲಿ ಸ್ಟೀಮರ್ ಪೈಲಟ್ ಆಗಿದ್ದ. ಊರು ಒಂದು ಬೆಳಿಗ್ಗೇಲಿ ಮುಗಿಯತ್ತೆ.

ಸೇಂಟ್ ಲೂಯಿಸ್‌ಗೆ ಎರಡು ರಾತ್ರಿ. ಊರಿನ ಮೇಲ್ಗಡೆ ಮಿಸೌರಿ ಬಂದು ಸೇರತ್ತೆ, ಉದ್ದದಲ್ಲಿ ಮಿಸಿಸಿಪ್ಪಿಗೇ ಸರಿಸಮ, ಮಣ್ಣು ಹೊತ್ತು ಬರೋ ಹೊಳೆ. ಸಂಗಮದ ಕೆಳಗೆ ನೆರೆ ಮುಟ್ಟದ ಎತ್ತರದ ದಡ ಹುಡುಕಿ 1764ರಲ್ಲಿ ಫ್ರೆಂಚ್ ವ್ಯಾಪಾರಿಗಳು ಊರು ಹಾಕಿದ್ರು. ಸ್ಟೀಲ್ ಕಮಾನು ಗೇಟ್‌ವೇ ಆರ್ಚ್, 630 ಅಡಿ, 1965ರಲ್ಲಿ ಮುಗಿದದ್ದು. ಒಳಗೆ ಹತ್ತೋ ಟ್ರಾಮಿನ ಡಬ್ಬಿಗೆ ಐದು ಸೀಟು, ಬಾಗಿಲು ನಾಲ್ಕು ಅಡಿ, ಬಗ್ಗಿ ನುಗ್ಗಬೇಕು, ಮೊಣಕಾಲು ನೋವಿರೋರಿಗೆ, ಮುಚ್ಚಿದ ಜಾಗದಲ್ಲಿ ಹೆದರಿಕೆ ಆಗೋರಿಗೆ ಬೇಡ. ಆಯಿ ಕೆಳಗೆ ಮ್ಯೂಸಿಯಮ್ಮಲ್ಲೇ ಉಳಿದ್ರು. ಟಿಕೆಟ್ ಟೈಮ್ ಹಾಕಿ ಮೊದಲೇ ಬುಕ್ ಮಾಡಿ. ಕೆಳಗೆ ಈಡ್ಸ್ ಸೇತುವೆ, 1874ರದ್ದು, ಸ್ಟೀಲಿನ ಸೇತುವೆ ಮೇಲೆ ಜನಕ್ಕೆ ನಂಬಿಕೆ ಬರ್ಲಿ ಅಂತ ಮೊದಲು ಆನೆ ನಡೆಸಿದ್ರು, ಆನೆ ಗಟ್ಟಿ ಇಲ್ಲದ ಕಡೆ ಕಾಲಿಡಲ್ಲ ಅಂತ ಅಲ್ಲಿಯವರಿಗೂ ಗೊತ್ತಿತ್ತು. ಆದ್ರೆ ಒಂದೇ ಜಾಗಕ್ಕೆ ಟೈಮ್ ಇದೆ ಅಂದ್ರೆ ಆರ್ಚ್ ಬಿಟ್ಟು ಹೊಳೆ ದಾಟಿ ಕಹೋಕಿಯಾಗೆ ಹೋಗಿ. ಬಿಳಿಯರು ಬರೋದಕ್ಕಿಂತ ನೂರಾರು ವರ್ಷ ಮೊದಲು ಅಲ್ಲಿನ ಮೂಲ ಜನ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಹಾಕಿ ಕಟ್ಟಿದ ನಗರ, ದೊಡ್ಡ ದಿಬ್ಬ ನೂರು ಅಡಿ ಎತ್ತರ. ಅಮೆರಿಕಕ್ಕೆ ಇತಿಹಾಸ ಇಲ್ಲ ಅನ್ನೋ ಮಾತನ್ನ ನಮ್ಮವರು ಬಹಳ ಸಲೀಸಾಗಿ ಹೇಳ್ತಾರೆ, ಆ ದಿಬ್ಬ ಹತ್ತಿ ಬಂದವರು ಹೇಳಲ್ಲ.

ಕೇರೋ ಅಂತ ಒಂದು ಊರು, ಬರೆಯೋದು ಈಜಿಪ್ಟಿನ ಕೈರೋ ತರವೇ. ಅಲ್ಲಿ ಒಹಾಯೊ ಹೊಳೆ ಬಂದು ಸೇರತ್ತೆ, ಮಿಸಿಸಿಪ್ಪಿಗಿಂತ ಹೆಚ್ಚು ನೀರು ತರತ್ತೆ, ತುದೀಲಿ ನಿಂತ್ರೆ ಎರಡು ಬಣ್ಣದ ನೀರು ಪಕ್ಕ ಪಕ್ಕ ಹೋಗೋದು ಕಾಣತ್ತೆ. ಇಂಥಾ ಜಾಗದಲ್ಲಿ ಮಹಾನಗರ ಆಗ್ಬೇಕಿತ್ತು ಅಲ್ವಾ? 1920ರಲ್ಲಿ ಹದಿನೈದು ಸಾವಿರ ಜನ ಇದ್ರು, 2020ರಲ್ಲಿ ಎರಡು ಸಾವಿರವೂ ಇಲ್ಲ. ರೈಲು, ಸೇತುವೆ ಬಂದು ದೋಣಿ ವ್ಯಾಪಾರ ಹೋಯ್ತು, ಅದರ ಮೇಲೆ ಕಪ್ಪು ಜನರಿಗೆ ಕೆಲಸ ಕೊಡಲ್ಲ ಅಂತ ಹಟ ಹಿಡಿದ ಅಂಗಡಿಯವರು, ಅದಕ್ಕೆ ವರ್ಷಗಟ್ಟಲೆ ನಡೆದ ಬಹಿಷ್ಕಾರ, ಕೊನೆಗೆ ಅಂಗಡಿ ಬಾಗಿಲು ಹಾಕಿದ್ರೇ ಹೊರತು ಮನಸ್ಸು ಬದಲಾಗ್ಲಿಲ್ಲ. ಮುಖ್ಯ ಬೀದೀಲಿ ಛಾವಣಿ ಇಲ್ಲದ ಕಟ್ಟಡದೊಳಗೆ ಮರ ಬೆಳೆದಿದೆ. ಪೆಟ್ರೋಲು, ಟಾಯ್ಲೆಟ್ಟು ಎಲ್ಲಾ ಮೊದಲೇ ಮುಗಿಸ್ಕೊಂಡು ಹೋಗಿ, ಆದ್ರೆ ತಪ್ಪಿಸ್ಬೇಡಿ, ಗೆದ್ದ ಊರು ಮಾತ್ರ ನೋಡಿದ್ರೆ ಹೊಳೆ ಅರ್ಧ ಮಾತ್ರ ನೋಡಿದ ಹಾಗೆ.

ಇಲ್ಲಿಂದ ಕೆಳಗೆ ಅಣೆಕಟ್ಟಿಲ್ಲ, ಲಾಕಿಲ್ಲ, ಹೊಳೆ ಹಾವಿನ ಹಾಗೆ ಸುತ್ತತ್ತೆ. ಸುತ್ತ ಚಪ್ಪಟೆ ಭೂಮಿ, ಅದಕ್ಕೆ ದೊಡ್ಡ ಊರು ಬೇಕಾದ್ರೆ ಗುಡ್ಡ ಹುಡುಕಿ. ಮೆಂಫಿಸ್, ವಿಕ್ಸ್‌ಬರ್ಗ್, ನ್ಯಾಚೆಜ್, ಬ್ಯಾಟನ್ ರೂಜ್, ನಾಲ್ಕೂ ಪೂರ್ವ ದಡದಲ್ಲಿ, ನಾಲ್ಕೂ ಹೊಳೆ ಬಂದು ಗುಡ್ಡಕ್ಕೆ ತಾಗಿದ ಜಾಗದಲ್ಲಿ. ಮ್ಯಾಪಲ್ಲಿ ಬೆರಳಿಟ್ಟು ಮಕ್ಕಳಿಗೆ ತೋರಿಸಿ, ಒಂದು ಸಲ ಕಂಡ್ರೆ ಮರೆಯಲ್ಲ.

ಮೆಂಫಿಸ್‌ನಲ್ಲಿ ಗಾಯಕ ಎಲ್ವಿಸ್ ಪ್ರೆಸ್ಲಿ ಮನೆ, ಬೀಲ್ ಸ್ಟ್ರೀಟಿನ ಬ್ಲೂಸ್ ಸಂಗೀತ ಎಲ್ಲಾ ಇದೆ, ಇಷ್ಟ ಇದ್ದವರು ನೋಡಿ. ನೋಡಲೇಬೇಕಾದದ್ದು ಲೊರೇನ್ ಮೋಟೆಲ್. 1968ರ ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್‌ಗೆ ಗುಂಡು ಬಿದ್ದದ್ದು ಅದರ ಬಾಲ್ಕನೀಲಿ, ಈಗ ಅದು ನಾಗರಿಕ ಹಕ್ಕುಗಳ ಮ್ಯೂಸಿಯಂ. ಅವರು ಆ ಊರಿಗೆ ಬಂದದ್ದು ಕಸ ಎತ್ತೋ ಕೆಲಸಗಾರರ ಮುಷ್ಕರಕ್ಕೆ, ಆ ಫೆಬ್ರವರಿ ಒಂದನೇ ತಾರೀಕು ಕಸದ ಲಾರಿ ಯಂತ್ರಕ್ಕೆ ಸಿಕ್ಕಿ ಇಬ್ಬರು ಸತ್ತಿದ್ರು. ಕೆಲಸಗಾರರು ಕೊರಳಿಗೆ ಹಾಕ್ಕೊಂಡ ಬೋರ್ಡಲ್ಲಿ ಇದ್ದದ್ದು ಇಷ್ಟೇ, ನಾನೂ ಮನುಷ್ಯ. ಆಯಿಗೆ ಇಂಗ್ಲಿಷ್ ಬರಲ್ಲ, ಓದಿ ಹೇಳಿದೆ, ಕಿಂಗ್ ಉಳಿದಿದ್ದ ರೂಮಿನ ಮುಂದೆ ಸುಮಾರು ಹೊತ್ತು ಮಾತಾಡ್ಲಿಲ್ಲ. ವಾರದಲ್ಲಿ ರಜೆ ದಿನ ಯಾವುದು ಅಂತ ನೋಡ್ಕೊಂಡೇ ಮೆಂಫಿಸ್ ರಾತ್ರಿ ಬುಕ್ ಮಾಡಿ, ದಾರೀಲಿ ಬೇರೆ ಊರಲ್ಲಿ ಒಂದು ಮ್ಯೂಸಿಯಂ ಮುಂದೆ ನಾವು ರಜೆ ದಿನ ಹೋಗಿ ನಿಂತು ವಾಪಸ್ ಬಂದಿದ್ವಿ. ಸಂಜೆ ಹಳೇ ರೈಲು ಸೇತುವೆ ಪಕ್ಕಕ್ಕೆ 2016ರಲ್ಲಿ ಮಾಡಿದ ಕಾಲುದಾರೀಲಿ ಹೊಳೆ ದಾಟಿ, ಟೆನೆಸ್ಸಿಯಿಂದ ಅರ್ಕಾನ್ಸಾಸ್‌ಗೆ ನಡ್ಕೊಂಡೇ ಹೋಗಬಹುದು. ಆ ದಡದ ಅರ್ಕಾನ್ಸಾಸಲ್ಲಿ ಭತ್ತದ ಗದ್ದೆ, ಅಮೆರಿಕದ ಭತ್ತದಲ್ಲಿ ಹತ್ತಿರ ಹತ್ತಿರ ಅರ್ಧ ಆ ರಾಜ್ಯದ್ದೇ.

ಈಗ ನಾನು ಬಹಳ ಹೇಳ್ಬೇಕು ಅಂತಿರೋ ಭಾಗ. ಮೆಂಫಿಸ್‌ನಿಂದ ನ್ಯಾಚೆಜ್‌ವರೆಗೆ ಅಲ್ಲಲ್ಲಿ ಹತ್ತಿ ಹೊಲ, ಅಕ್ಟೋಬರಲ್ಲಿ ಬಿಳಿ ಬಿಳಿ ಒಡೆದು ನಿಂತಿರತ್ತೆ. ಈ ಹತ್ತಿಗೂ ಕುಮಟಾಕ್ಕೂ ಸಂಬಂಧ ಇದೆ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರು ಆಗಿ ಉತ್ತರದವರು ದಕ್ಷಿಣದ ಬಂದರಿಗೆ ದಿಗ್ಬಂಧನ ಹಾಕಿದ್ರು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯ್ತು, ಆಗ ಧಾರವಾಡ ಹುಬ್ಬಳ್ಳಿ ಹತ್ತಿಗೆ ಬಂಗಾರದ ರೇಟು ಬಂತು. ಆ ಹತ್ತಿ ಎತ್ತಿನ ಗಾಡೀಲಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಂದ ಬೊಂಬಾಯಿಗೆ, ಅಲ್ಲಿಂದ ಲಿವರ್‌ಪೂಲ್‌ಗೆ. ಬೆಳೆದದ್ದು ಬಯಲುಸೀಮೆ, ಹೆಸರು ಮಾತ್ರ ಕುಮಟಾ ಹತ್ತಿ. 1862ರಲ್ಲಿ ನಮ್ಮ ಜಿಲ್ಲೆಯನ್ನ ಮದ್ರಾಸಿಂದ ಕಿತ್ತು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದೂ ಕಾರವಾರ ಬಂದರು, ಘಟ್ಟದ ರಸ್ತೆ, ಹತ್ತಿ, ಇದೇ ಲೆಕ್ಕದಲ್ಲಿ. ಇನ್ನೂ ಹೇಳ್ಬೇಕಂದ್ರೆ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಕಂಪನಿಯವರು ಅಮೆರಿಕದ ಪ್ಲಾಂಟರ್‌ಗಳನ್ನ ಕರೆಸಿ ಧಾರವಾಡ ಸೀಮೇಲಿ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೀಜ ಬಿತ್ತಿಸಿದ್ರು. ಅಂದ್ರೆ ಮಿಸಿಸಿಪ್ಪಿ ಬಾಯಿಂದ ಬಂದ ಬೀಜದ ಹತ್ತಿ ನಮ್ಮ ಘಟ್ಟ ಇಳೀತಿತ್ತು.

ಇದು ತಲೇಲಿ ಇಟ್ಕೊಂಡು ವಿಕ್ಸ್‌ಬರ್ಗಿಗೆ ಹೋಗಿ. ಗುಡ್ಡದ ಮೇಲಿನ ಆ ಊರಿನ ಫಿರಂಗಿ ಇಡೀ ಹೊಳೆಗೆ ಬೀಗ ಹಾಕಿತ್ತು, ಉತ್ತರದವರ ಸೇನಾಪತಿ ಗ್ರಾಂಟ್ 47 ದಿನ ಮುತ್ತಿಗೆ ಹಾಕಿ 1863ರ ಜುಲೈ 4ಕ್ಕೆ ಗೆದ್ದ, ಜನ ಗುಡ್ಡಕ್ಕೆ ಗವಿ ಕೊರೆದು ಒಳಗಿದ್ರು. ಯುದ್ಧದ ಮೈದಾನದಲ್ಲಿ ಕಾರಲ್ಲೇ ಸುತ್ತಬಹುದು. ಕೆಳಗೆ ಹೊಳೆ ನೋಡಿ ಮೋಸ ಹೋಗ್ಬೇಡಿ, ಮಿಸಿಸಿಪ್ಪಿ 1876ರಲ್ಲಿ ದಾರಿ ಬದಲಿಸಿ ಊರು ಬಿಟ್ಟೇ ಹೋಯ್ತು, ಈಗ ಪೇಟೆ ಮುಂದೆ ಇರೋದು 1903ರಲ್ಲಿ ಕಾಲುವೆ ತೋಡಿ ತಂದ ಯಾಜೂ ಹೊಳೆ ನೀರು. ನ್ಯಾಚೆಜ್‌ನಲ್ಲಿ ಹತ್ತಿ ದುಡ್ಡಿನ ಅರಮನೆಯಂಥ ಮನೆಗಳ ಟೂರ್ ಇದೆ, ಅದಕ್ಕೆ ಮೊದಲು ಊರ ಹೊರಗಿನ ಫೋರ್ಕ್ಸ್ ಆಫ್ ದಿ ರೋಡ್ ಅನ್ನೋ ಜಾಗಕ್ಕೆ ಹೋಗಿ, ದೊಡ್ಡ ಗುಲಾಮರ ಸಂತೆ ಅದು. ಈಗ ಹುಲ್ಲು, ನಾಲ್ಕು ಬೋರ್ಡು, ನೆಲದ ಕಾಂಕ್ರೀಟಲ್ಲಿ ಹೂತ ಕಬ್ಬಿಣದ ಕೋಳ. ಬಗ್ಗಿ ನೋಡಿದ್ರೆ ಒಂದು ಕೋಳ ಬಹಳ ಸಣ್ಣದು ಅನ್ನಿಸ್ತು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರಿಯರನ್ನ ಪೋರ್ಚುಗೀಸರು ಗೋವಾಕ್ಕೆ ತಂದದ್ದೂ ಇದೇ ಆಫ್ರಿಕಾದಿಂದ, ಹೀಗೇ. ಅರಮನೆ ಟೂರ್ ಆಮೇಲೆ ಮಾಡಿ, ಅಥವಾ ಬಿಡಿ, ನಾವು ಬಿಟ್ವಿ.

ದಾರಿಯುದ್ದಕ್ಕೂ ಒಂದು ಹಸಿರು ಏರಿ ಕಾಣ್ತಾ ಇರತ್ತೆ, ಲೆವಿ ಅಂತಾರೆ. ನಮ್ಮ ಗಜನಿ ಕಟ್ಟೆ ಗೊತ್ತಿರೋರಿಗೆ ವಿವರಿಸೋದೇ ಬೇಡ, ಒಳಗೆ ಗದ್ದೆ, ಹೊರಗೆ ಭರತದ ನೀರು, ಮಧ್ಯ ಮಣ್ಣಿನ ಕಟ್ಟೆ. ವ್ಯತ್ಯಾಸ ಎಂತದು ಅಂದ್ರೆ ಮಾಣಿಕಟ್ಟೇಲಿ ನೀರು ಒಳಗೆ ಬಿಡೋಕೂ ಬಾಗಿಲಿದೆ, ನೀರು ಬಂದ್ರೆ ಮೀನೂ ಬರತ್ತೆ, ಕಗ್ಗ ಭತ್ತವೂ ಬೆಳೆಯತ್ತೆ. ಅವರು ಬಾಗಿಲೇ ಇಡದೆ ಎತ್ತರ ಮಾಡ್ತಾ ಹೋದ್ರು. 1927ರ ಏಪ್ರಿಲ್‌ನಲ್ಲಿ ಗ್ರೀನ್‌ವಿಲ್ ಹತ್ರ ಕಟ್ಟೆ ಒಡೀತು, ಆ ವರ್ಷದ ನೆರೇಲಿ ಒಟ್ಟು ಮುಳುಗಿದ್ದು ಸುಮಾರು 70 ಸಾವಿರ ಚದರ ಕಿಲೋಮೀಟರ್, ನಮ್ಮ ಜಿಲ್ಲೆಯಂಥ ಆರೇಳು ಜಿಲ್ಲೆ, ಆರು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ರು. ಅದಾದ ಮೇಲೇ ನೀರಿಗೆ ಬಾಗಿಲು ಇಡೋದು ಕಲಿತದ್ದು. ನ್ಯಾಚೆಜ್ ಕೆಳಗೆ ಓಲ್ಡ್ ರಿವರ್ ಅಂತ ಗೇಟುಗಳ ಸಾಲು, 1963ರಿಂದ ನೂರರಲ್ಲಿ 30 ಪಾಲು ನೀರನ್ನ ಪಕ್ಕದ ಅಚಫಲಾಯಾ ಹೊಳೆಗೆ ಬಿಡ್ತಾರೆ. ಅದಿಲ್ಲದಿದ್ರೆ ಹೊಳೆ ಹತ್ತಿರದ ದಾರಿ ಹಿಡಿದು ಅತ್ತಲೇ ಹೋಗ್ತಿತ್ತು, ನ್ಯೂ ಆರ್ಲಿಯನ್ಸ್‌ಗೆ ಕುಡಿಯೋ ನೀರಿಗೂ ಕಷ್ಟ ಆಗ್ತಿತ್ತು.

ಬ್ಯಾಟನ್ ರೂಜ್ ಬೇಗ ಮುಗಿಸಿ, ಸಮುದ್ರದ ದೊಡ್ಡ ಹಡಗು ಮೇಲೆ ಬರೋದು ಅಲ್ಲಿವರೆಗೆ, 450 ಅಡಿಯ ವಿಧಾನಸಭೆ ಕಟ್ಟಡ ಹತ್ತಿದ್ರೆ ಕಾಣತ್ತೆ. ನ್ಯೂ ಆರ್ಲಿಯನ್ಸ್ ದಾರೀಲಿ ವಿಟ್ನಿ ಪ್ಲಾಂಟೇಶನ್ ಇದೆ, ಕಬ್ಬಿನ ತೋಟದ ಕಥೆಯನ್ನ ಗುಲಾಮರಾಗಿದ್ದವರ ಕಡೆಯಿಂದ ಹೇಳೋ ಮ್ಯೂಸಿಯಂ, ಅರ್ಧ ದಿನ ಇಡಿ.

ನ್ಯೂ ಆರ್ಲಿಯನ್ಸ್‌ಗೆ ಮೂರು ರಾತ್ರಿ ಕಡಿಮೆಯೇ. ಇಲ್ಲಿ ಗುಡ್ಡ ಇಲ್ಲ. ಹೊಳೆ ತಾನೇ ತಂದು ಹಾಕಿದ ಮಣ್ಣಿನ ಏರಿ ಮೇಲೆ, ಹಿಂದಿನ ಪೋಂಚಟ್ರೇನ್ ಕೆರೆಗೆ ಹತ್ತಿರದ ದಾರಿ ಇದ್ದಲ್ಲಿ, 1718ರಲ್ಲಿ ಫ್ರೆಂಚರು ಊರು ಹಾಕಿದ್ರು. ಆ ಏರಿ ಮೇಲಿನ ಹಳೇ ಊರೇ ಫ್ರೆಂಚ್ ಕ್ವಾರ್ಟರ್, 2005ರ ಆಗಸ್ಟ್ 29ರ ಕತ್ರೀನಾದಲ್ಲಿ ಕಟ್ಟೆ ಒಡೆದು ಊರಿನ ನೂರಕ್ಕೆ 80 ಪಾಲು ಮುಳುಗಿದಾಗ ಅದು ಹೆಚ್ಚಾಗಿ ಒಣಗಿತ್ತು. ಮೊದಲಿನವರು ಎಲ್ಲಿ ಮನೆ ಕಟ್ಟಬೇಕು ಅಂತ ಹೊಳೆ ನೋಡಿ ಕಟ್ಟಿದ್ರು, ಆಮೇಲಿನವರು ಪಂಪ್ ನಂಬಿ ಜೌಗಲ್ಲಿ ಕಟ್ಟಿದ್ರು. ಜಾಕ್ಸನ್ ಸ್ಕ್ವೇರ್‌ನಲ್ಲಿ ನಿಂತ್ರೆ ಹೊಳೆ ಕಾಣಲ್ಲ, ಮೆಟ್ಟಿಲು ಹತ್ತಬೇಕು. ಆಯಿ ನಿಂತುಬಿಟ್ರು, "ಹೊಳೆ ನೋಡಲೆ ಮೆಟ್ಲು ಹತ್ತವನ? ನಮ್ಮಲ್ಲಿ ಇಳಿತ್ವಲ." ಹತ್ತಿ ನೋಡಿದ್ರೆ ಕಂದು ನೀರು ದಡದ ತನಕ ತುಂಬಿ, ಕಬ್ಬಿಣದ ಹಡಗೊಂದು ನಮ್ಮ ಎದುರಿಗೇ ತಿರುಗ್ತಾ ಇತ್ತು, ಹಿಂದೆ ತಿರುಗಿ ನೋಡಿದ್ರೆ ಬೀದಿ ಕೆಳಗೆ.

ಅಲ್ಲೇ ಎದುರಿಗೆ 1862ರಿಂದ ನಡೀತಿರೋ ಕೆಫೆ ಡು ಮಾಂಡ್ ಇದೆ, ಬೆಳಿಗ್ಗೆ ಎಂಟರ ಒಳಗೆ ಹೋಗಿ, ಆಮೇಲೆ ದೊಡ್ಡ ಲೈನು. ಬೆನ್ಯೇ ಅಂತ ಕೊಡ್ತಾರೆ, ನಮ್ಮ ಬನ್ಸ್ ಚೌಕ ಮಾಡಿ ಸಕ್ಕರೆ ಪುಡಿ ಸುರಿದ ಹಾಗೆ, ಜೊತೆಗೆ ಚಿಕೋರಿ ಹಾಕಿದ ಕಾಫಿ. ಯುದ್ಧದ ದಿಗ್ಬಂಧನದಲ್ಲಿ ಕಾಫಿ ಸಿಗದೇ ಚಿಕೋರಿ ಬೆರೆಸೋದು ಅಲ್ಲಿ ಗಟ್ಟಿ ಆಯ್ತು. ಎರಡು ವಾರ ಸಪ್ಪೆ ಕಾಫಿ ಕುಡಿದ ಅಪ್ಪಯ್ಯ ಮೊದಲ ಗುಟುಕಿಗೇ ಇನ್ನೊಂದು ಕಪ್ ಹೇಳು ಅಂದ್ರು. ಗಂಬೊ ಅನ್ನೋ ಅಲ್ಲಿನ ಸಾರಲ್ಲಿ ಬೆಂಡೆಕಾಯಿ ಇರತ್ತೆ, ಬೆಂಡೆ ಅಲ್ಲಿಗೆ ಬಂದದ್ದು ಆಫ್ರಿಕಾದವರ ಜೊತೆ, ಸಸ್ಯಾಹಾರಿಗಳಿಗೆ ಮಾಡಿದ ಗಂಬೊ ಕೆಲವು ಕಡೆ ಸಿಗತ್ತೆ, ಕೇಳಿ ತಗೊಳ್ಳಿ.

ಕೊನೇ ದಿನ ದುಡ್ಡು ಕೊಟ್ಟು ಸ್ಟೀಮರ್ ಟೂರ್ ಹೋಗೋದಕ್ಕಿಂತ ಕೆನಾಲ್ ಸ್ಟ್ರೀಟ್ ತುದಿಯಿಂದ ಎದುರು ದಡದ ಅಲ್ಜಿಯರ್ಸ್‌ಗೆ ಹೋಗೋ ಸಾದಾ ಫೆರಿ ಹತ್ತಿ, ಟಿಕೆಟ್ ಒಂದು ಕಾಫಿಗಿಂತ ಕಡಿಮೆ, ಊರಿನ ಜನ ಕೆಲಸಕ್ಕೆ ಓಡಾಡೋದು ಅದರಲ್ಲೇ, ತದಡಿಯಿಂದ ಅಘನಾಶಿನಿ ಊರಿಗೆ ಬಾರ್ಜ್ ಹತ್ತಿದ ಹಾಗೇ ಇರತ್ತೆ. ಅಲ್ಜಿಯರ್ಸ್ ತಿರುವಲ್ಲಿ ಹೊಳೆ ಸುಮಾರು ಇನ್ನೂರು ಅಡಿ ಆಳ. ಮುಂದಿನ ಕಟಕಟೆ ಹತ್ರ ಜಾಗ ಹಿಡೀರಿ. ಇಟಾಸ್ಕಾದಲ್ಲಿ ಪಂಚೆ ಎತ್ತಿ ದಾಟಿದ ಅಪ್ಪಯ್ಯ ಅಲ್ಲಿ ಎರಡೂ ಕೈಯಲ್ಲಿ ಕಬ್ಬಿಣ ಹಿಡ್ಕೊಂಡು ನೀರು ನೋಡ್ತಾ, ನಾವು ಹೊರಟು ಎಷ್ಟು ದಿನ ಆತು ಅಂತ ಕೇಳಿದ್ರು. ಹದಿನಾಲ್ಕು ಅಂದೆ. "ಹಂಗಾರೆ ನಾವು ದಾಟಿದ ನೀರು ಇನ್ನೂ ಬಂಜಿಲ್ಲೆ" ಅಂದ್ರು.